ಹದಿನಾಲ್ಕನೆಯ ಚಾಕು

"ಪೂಜೆಗೆ ಮುಂಚೆ ಮುಟ್ಟಸಬೇಕಂತ ಓಡಿ ಬಂದೆ, ಪರಪ್ಪಣ್ಣ," ಎಂದು ಪಕ್ಕದ ಖೋಲಿಯ ಈರಣ್ಣ ಕೆಂಪು ಹಿಡಿಯ ಚಾಕುವನ್ನು ಪರಪ್ಪನ ಕೈಯಲ್ಲಿಟ್ಟ. "ಟ್ರಂಕಿನ ಸ್ಕ್ರೂ ಗಟ್ಟಿ ಆತು. ಛಲೋ ಚಾಕು ಬಿಡು." ಹಾಗೆಯೇ ಹೊಸ್ತಿಲಲ್ಲಿ ನಿಂತು ಪರಪ್ಪನ ನಾಲ್ಕು ವರ್ಷದ ಮಗಳು ಚಂಪಾಳನ್ನು ಎತ್ತಿಕೊಂಡ.

ಅಂದು ಖಂಡೆ ಪೂಜೆ. ಘಾಟ್ಕೋಪರಿನ ಆ ಚಾಳಿನ ವಠಾರದಲ್ಲಿ ಎಲ್ಲರೂ ತಮ್ಮ ಕಸುಬಿನ ಹತ್ಯಾರ ತೊಳೆದು ಪೂಜೆಗೆ ಇಡುತ್ತಿದ್ದರು. ಬಂದರಿನ ಡಾಕಿನಲ್ಲಿ ಕೂಲಿ ಮಾಡುವ ಪರಪ್ಪ ಇಡುವುದು ಚಾಕು. ಹಡಗಿನ ಖಲಾಸಿಗಳಿಂದ, ಯುದ್ಧ ಮುಗಿಸಿ ಹೋದ ಗೋರಾ ಸಿಪಾಯಿಗಳಿಂದ ಕಾಡಿ ಬೇಡಿ ಕೂಡಿಸಿದ ಹದಿನಾಲ್ಕು ಮಡಿಚುವ ಚಾಕು. ಒಂದೊಂದರ ಹೊಟ್ಟೆಯಲ್ಲೂ ಅಲಗು, ಸ್ಕ್ರೂಡ್ರೈವರ್, ದಬ್ಬಣ, ಡಬ್ಬಿ ಕೊರೆಯುವ ಕೊಕ್ಕೆ. ಕೇಳಿದವರಿಗೆ ಕೊಡುತ್ತಿದ್ದ. ಆದರೆ ನವಮಿಯ ದಿನ ಹದಿನಾಲ್ಕೂ ಮನೆಗೆ ಬರಬೇಕು. ಬಾರದಿದ್ದರೆ ಇಡೀ ಚಾಳಿಗೆ ಕೇಳುವಂತೆ ಬೈಯುತ್ತಿದ್ದ.

ಕೊಡುವ ಮುಂಚೆ ಎಲ್ಲ ತುಂಡುಗಳಿಗೂ ಮಿಷಿನ್ ಎಣ್ಣೆ ಸವರುವುದು ಅವನ ರೂಢಿ. ಈಗ ಸ್ಕ್ರೂಡ್ರೈವರ್ ಬಿಡಿಸಿ ನೋಡಿದ. ಸವರಿದ ಎಣ್ಣೆ ಹಾಗೇ ಇತ್ತು, ತುದಿಗೆ ಒಂದು ಗೀರೂ ಇರಲಿಲ್ಲ. ದೊಡ್ಡ ಅಲಗು ಬಿಡಿಸಿದ. ಅದರಲ್ಲಿ ಎಣ್ಣೆಯ ಸುಳಿವೇ ಇಲ್ಲ, ಬೂದಿ ಹಚ್ಚಿ ತಿಕ್ಕಿ ತೊಳೆದಂತಿತ್ತು. ಬೆಂಕಿಕಡ್ಡಿಯಿಂದ ಹಿಡಿಯ ಸಂದಿಯನ್ನು ಕೆದಕಿದ. ಕಡ್ಡಿಯ ತುದಿಗೆ ಕಪ್ಪನೆಯದೇನೋ ಅಂಟಿ ಬಂತು. ಬೆರಳಿಗೆ ಉಗುಳು ಹಚ್ಚಿ ಉಜ್ಜಿದ. ಕೆಂಪಾಯಿತು.

ಈರಣ್ಣ ಚಾಕು ಒಯ್ದದ್ದು ಮೊನ್ನೆ. ನಿನ್ನೆ ಬೆಳಿಗ್ಗೆ ರೈಲು ಹಳಿಯ ಪಕ್ಕದಲ್ಲಿ ಗಿರಣಿಯ ಕೂಲಿಗಳ ಮೇಲಿನ ಮುಕಾದಮ ಹೊಟ್ಟೆಗೆ ಇರಿತ ತಿಂದು ಸತ್ತು ಬಿದ್ದಿದ್ದ. ಎಂಟು ದಿನದ ಹಿಂದೆ ಈರಣ್ಣನನ್ನು ಕೆಲಸದಿಂದ ಹೊರಗೆ ಹಾಕಿದವ ಅವನೇ.

ಪರಪ್ಪ ತಲೆ ಎತ್ತಿದ. ಈರಣ್ಣ ಬೆಂಕಿಕಡ್ಡಿಯನ್ನೇ ನೋಡುತ್ತಿದ್ದ.

"ಏನ್ ಹುಡುಕಾಕತ್ತಿ, ಪರಪ್ಪಣ್ಣ?"

"ತುಕ್ಕು."

"ಬಾಳ ಕೆದಕಬ್ಯಾಡ. ಚಾಕು ಹಾಳಾಗ್ತೈತಿ." ಈರಣ್ಣ ಚಂಪಾಳ ಕುತ್ತಿಗೆಗೆ ಕಚಗುಳಿ ಇಟ್ಟ. ಹುಡುಗಿ ಕಿಲಕಿಲ ನಕ್ಕಿತು.

ಅಷ್ಟರಲ್ಲಿ ಮರದ ಮೆಟ್ಟಿಲ ಮೇಲೆ ಬೂಟಿನ ಸಪ್ಪಳ. ಪೊಲೀಸರು ಒಂದೊಂದೇ ಖೋಲಿ ಹೊಕ್ಕು ನೋಡುತ್ತಾ ಬರುತ್ತಿದ್ದರು. ಪರಪ್ಪ ಚಾಕು ತಿರುಗಿಸಿ ನೋಡಿದ. ಚಾಕುವಿನ ಹಿಡಿಯ ಮೇಲೆ ಅವನೇ ಮೊಳೆಯಿಂದ ಕೊರೆದ 'ಪ' ಅಕ್ಷರವಿತ್ತು.

"ಅದನ್ನೂ ಇಡ್ರಿ ಇತ್ಲಾಗ, ಕಲಸಿದ ಕುಂಕುಮ ಆರಾಕತ್ತೈತಿ," ಎಂದು ಹೆಂಡತಿ ರಾಚವ್ವ ಚಾಕುವನ್ನು ಕಸಿದುಕೊಂಡು ಪೂಜೆಯ ಮಣೆಯ ಮೇಲಿನ ಸಾಲಿನ ಕೊನೆಗೆ ಇಟ್ಟಳು. ಉಳಿದ ಹದಿಮೂರಕ್ಕೆ ಹಚ್ಚಿದಂತೆ ಇದರ ಅಲಗಿಗೂ ಹಸಿ ಕುಂಕುಮ ಎಳೆದಳು.

ಹವಾಲ್ದಾರ ಬಾಗಿಲಿಗೆ ಬಂದ. "ಘರಾತ್ ಚಾಕೂ ಆಹೇ ಕಾ?" ಎಂದು ಮನೆಯಲ್ಲಿ ಚಾಕು ಇದೆಯಾ ಅಂತ ಕೇಳಿದವನು ಮಣೆಯ ಮೇಲಿನ ಸಾಲು ಕಂಡು, "ಅರೇ ಬಾಪ್ ರೇ!" ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ ಮರಾಠಿಯಲ್ಲಿ ಕೇಳಿದ, "ಇವುಗಳಲ್ಲಿ ಯಾವುದಾದರೂ ಈ ವಾರ ಮನೆಯಿಂದ ಹೊರಗೆ ಹೋಗಿತ್ತೇ?"

ರಾಚವ್ವನಿಗೆ ಅಷ್ಟು ಮರಾಠಿ ಬರುತ್ತಿತ್ತು. "ಅಯ್ಯ ಸಾಹೇಬ್ರ, ಮೊನ್ನಿ ಒಂದು..."

"ಬಾಯಿ ಮುಚ್ಚಲೇ! ಆರತಿ ತಾ ಹೋಗ್!" ಪರಪ್ಪ ಗುಡುಗಿದ. ಹೆಂಡತಿಗೆ ಅವನ ಬೈಗುಳ ಹೊಸದಲ್ಲ. ಆದರೆ ಬೈಯುವಾಗ ಅವನ ದನಿ ನಡುಗಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಸುಮ್ಮನೆ ಒಳಗೆ ಹೋದಳು.

ಈರಣ್ಣ ಕಚಗುಳಿ ನಿಲ್ಲಿಸಿದ್ದ. ಅವನ ಹೆಬ್ಬೆರಳು ಮಾತ್ರ ಚಂಪಾಳ ಗಂಟಲ ಮೇಲೆ ಹಾಗೇ ಇತ್ತು.

"ಇಲ್ಲ ಸಾಹೇಬ," ಎಂದ ಪರಪ್ಪ. "ಯಾವುದೂ ಹೋಗಿಲ್ಲ."

ಹವಾಲ್ದಾರ ಅವನ ಕೈ ನೋಡಿದ. ಬೆರಳು ಕೆಂಪಗಿತ್ತು. "ಮೈಗೆಲ್ಲ ಹಚ್ಚಿಕೋಬೇಡಪ್ಪ, ಕುಂಕುಮ ದೇವರಿಗೆ," ಎಂದು ನಕ್ಕ. ಅವನ ಊರಲ್ಲೂ ಅಂದು ಖಂಡೇನವಮಿಯೇ. ಬೂಟು ಕಳಚಿ ಒಳಗೆ ಬಂದು, ಹದಿನಾಲ್ಕು ಚಾಕುಗಳಿಗೂ ಬಗ್ಗಿ ಕೈ ಮುಗಿದ. ಆರತಿ ತಂದ ರಾಚವ್ವನ ಮುಂದೆ ತನ್ನ ಲಾಠಿ ಚಾಚಿ ಅದಕ್ಕೂ ಕುಂಕುಮ ಹಚ್ಚಿಸಿಕೊಂಡ. ಬೂಟು ಹಾಕಿಕೊಂಡು ಮುಂದಿನ ಖೋಲಿಗೆ ಹೋದ.

ಸಪ್ಪಳ ದೂರವಾಗುವ ತನಕ ಈರಣ್ಣ ಕದಲಲಿಲ್ಲ. ಆಮೇಲೆ ಚಂಪಾಳನ್ನು ಕೆಳಗಿಳಿಸಿ, ಅವಳ ರಿಬ್ಬನ್ ಸರಿಮಾಡಿದ.

"ನಾಳೆ ಬನ್ನಿ ಕೊಡಾಕ ಬರ್ತೀನಿ, ಪರಪ್ಪಣ್ಣ," ಎಂದ. "ಆಗ ಆ ಕೆಂಪು ಹಿಡೀದು ತಗೊಂಡ್ ಹೋಗ್ತೀನಿ. ಟ್ರಂಕಿನ ಸ್ಕ್ರೂ ಮತ್ತ ಸಡ್ಲ ಆಗೈತಿ."