ಗ್ರಂಥಿಯ ಗುಡಿಸು

ಆಹ್ವಾನ ಪತ್ರಿಕೆಯಲ್ಲಿ ಒಂದೇ ಒಂದು ಗುಡಿಸು ಬಿಟ್ಟುಹೋಗಿತ್ತು. ‘ಪಿಟ್ಯುಟರಿ ಗ್ರಂಥಿ: ಅಭಿವ್ಯಕ್ತಿ ಮತ್ತು ಪ್ರಭಾವ’ ಎಂದಿರಬೇಕಾದಲ್ಲಿ ‘ಪಿಟ್ಯುಟರಿ ಗ್ರಂಥ’ ಎಂದು ಅಚ್ಚಾಗಿತ್ತು. ಮಾತಾಡಬೇಕಿದ್ದ ಜೀವಶಾಸ್ತ್ರದ ಹಂಗಾಮಿ ಉಪನ್ಯಾಸಕಿಗೆ ಇದು ತಿಳಿದದ್ದು, ಅಧ್ಯಕ್ಷರಾಗಿದ್ದ ಪ್ರಾಂಶುಪಾಲರು ಮೈಕಿನ ಮುಂದೆ ಬಾಯಿ ತೆರೆದಾಗ.

“ಪಿಟ್ಯುಟರಿ ಗ್ರಂಥ ಯಾರಿಗೆ ತಾನೇ ಗೊತ್ತಿಲ್ಲ? ನಾನಂತೂ ಚಿಕ್ಕಂದಿನಲ್ಲೇ ಓದಿದ್ದೆ. ಎಂಥಾ ಬೃಹತ್ ಗ್ರಂಥ!”

ಅವರು ಸಾಹಿತ್ಯದ ಮೇಷ್ಟ್ರಾಗಿದ್ದು ಮೇಲೆ ಬಂದವರು. ‘ಓದಿಲ್ಲ’ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಕೇಳಿದವರೇ ಇಲ್ಲ. ತಿದ್ದಲೆಂದು ಎದ್ದ ಉಪನ್ಯಾಸಕಿಯನ್ನು ವಿಭಾಗದ ಮುಖ್ಯಸ್ಥೆ ತೋಳು ಹಿಡಿದು ಕೂರಿಸಿದರು.

“ಸುಮ್ಮನಿರಮ್ಮ! ನಿನ್ನ ಕೆಲಸ ಕಾಯಂ ಮಾಡೋ ಫೈಲು ಅವರ ಮುಂದಿನ ಮೇಜಿನ ಮೇಲೇ ಇದೆ. ಮೊದಲು ಸಹಿ ಬೀಳಲಿ.”

ಆ ಸಹಿಗಾಗಿ ಅವಳು ಅಲೆದು ಅಲೆದು ಚಪ್ಪಲಿ ಸವೆಸಿದ್ದಳು. ಆದರೆ ಅವಳ ನಾಲಗೆಯ ತುರಿಕೆಯೂ ಸಾಮಾನ್ಯದ್ದಲ್ಲ.

“ಸರ್, ಅದು ತುಂಬಾ ಚಿಕ್ಕದು. ಬಟಾಣಿ ಕಾಳಿನಷ್ಟು.”

“ಹೌದೌದು, ಅಕ್ಷರ ಚಿಕ್ಕದು. ನನ್ನ ಕಣ್ಣು ಹಾಳಾಗಿದ್ದೇ ಅದನ್ನ ಓದಿ.”

“ಈಗಲೂ ನಿಮ್ಮ ತಲೇಲೇ ಇದೆ ಸರ್.”

“ಪೂರ್ತಿ ಬಾಯಿಪಾಠ!”

ವಿದ್ಯಾರ್ಥಿಗಳು ಬಿದ್ದು ಬಿದ್ದು ನಕ್ಕರು. ತಮ್ಮ ಮಾತಿನ ಚಮತ್ಕಾರಕ್ಕೇ ಎಂದುಕೊಂಡು ಪ್ರಾಂಶುಪಾಲರೂ ನಕ್ಕರು. ಅಷ್ಟರಲ್ಲಿ ಪರದೆಯ ಮೇಲೆ ತಲೆಬುರುಡೆಯ ಚಿತ್ರ ಮೂಡಿತು. ಮೆದುಳಿನ ಬುಡದಲ್ಲಿ ಪುಟ್ಟ ಗ್ರಂಥಿ, ಅದರ ಪಕ್ಕದಲ್ಲಿ ಗುಡಿಸು ಸಮೇತ ಅದರ ಹೆಸರು. ಪ್ರಾಂಶುಪಾಲರ ಮುಖ ಕೆಂಪಗಾಯಿತು. ಅವಳಿಗೆ ಅಯ್ಯೋ ಪಾಪ ಅನ್ನಿಸಿತು, ತನ್ನ ಕೆಲಸ ಕೈತಪ್ಪಿತೆಂಬ ಭಯವೂ ಆಯಿತು.

“ಗ್ರಂಥ ಅಂದರೂ ತಪ್ಪೇನಿಲ್ಲ,” ಎಂದು ಅವರನ್ನು ಪಾರುಮಾಡಲು ಹೊರಟಳು. “ಈ ಗ್ರಂಥಿಯ ಒಂದೊಂದು ಜೀವಕೋಶದಲ್ಲೂ ಜೀನ್‌ಗಳ ಗ್ರಂಥ ಇದೆ. ಬೆಳವಣಿಗೆಯ ಹಾರ್ಮೋನು ಮಾಡೋದು ಹೇಗೆ ಅನ್ನೋದು ಅದರಲ್ಲೊಂದು ಪುಟ. ಆ ಪುಟ ಓದಿ ಕೆಲಸಕ್ಕಿಳಿಯೋದೇ ಅಭಿವ್ಯಕ್ತಿ. ನಾವು ಲ್ಯಾಬಿನಲ್ಲಿ ಕೋಶಗಳಿಗೆ ಹಾಕೋ ದ್ರವದಿಂದ ಲೈಸೀನ್ ಅನ್ನೋ ಅಮೈನೊ ಆಮ್ಲವೊಂದನ್ನ ತೆಗೆದೆವು. ಪುಟ ಇದ್ದ ಹಾಗೇ ಇತ್ತು, ಓದು ಇಳಿದುಹೋಯ್ತು. ವಾಪಸ್ ಹಾಕಿದೆವು, ಓದು ಮತ್ತೆ ಏರಿತು.”

ಪ್ರಾಂಶುಪಾಲರು ಗಂಟಲು ಸರಿಮಾಡಿಕೊಂಡರು. “ಓದದೇ ಇದ್ರೂ, ಓದಿದೀನಿ ಅಂತ ಹೇಳ್ಕೊಂಡು ಕಾಲ ಹಾಕಬಹುದಲ್ವಾ ಆ ಕೋಶ?”

“ಅದಕ್ಕೆ ಆ ಅನುಕೂಲ ಇಲ್ಲ ಸರ್. ಹಾರ್ಮೋನು ಬರಲ್ಲ, ಸಿಕ್ಕಿಹಾಕ್ಕೊಳ್ಳತ್ತೆ.”

ಮಾತು ಬಾಯಿ ಜಾರಿ ಆಗಿತ್ತು. ಪ್ರಾಂಶುಪಾಲರು ಮೇಜಿನ ಮೇಲಿದ್ದ ಅವಳ ಫೈಲನ್ನು ಹತ್ತಿರಕ್ಕೆಳೆದುಕೊಂಡು, ತುಟಿಯಾಡಿಸುತ್ತ, ಮೊದಲಿಂದ ಕೊನೆಯವರೆಗೂ ಓದಿದರು. ಆಮೇಲೆ ಸಹಿ ಹಾಕಿದರು. ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತು.

“ಓದಿ ಸಹಿ ಹಾಕಿದ್ದು ಇದೇ ಮೊದಲು ಕಣ್ರೀ,” ಎಂದರು ಪ್ರಾಂಶುಪಾಲರು, ಹೊಸ ರುಚಿ ಹತ್ತಿದವರಂತೆ. “ಚೆನ್ನಾಗೇ ಇದೆ. ಹೋದ ವರ್ಷ ಓದದೇ ಸಹಿ ಹಾಕಿದ್ದ ಖರ್ಚಿನ ಫೈಲುಗಳನ್ನೂ ತರಿಸಿ, ನೋಡೋಣ.”

ಮುಖ್ಯಸ್ಥೆಯ ಮುಖ ಬಿಳಿಚಿಕೊಂಡಿತು.

“ನಿನ್ನ ಕೆಲಸ ಉಳೀತು ಕಣಮ್ಮ,” ಎಂದು ಪಿಸುಗುಟ್ಟಿದರು, “ನಮ್ಮೆಲ್ಲರದ್ದನ್ನೂ ಕಳೆದೆಯಲ್ಲ!”