ಕೊಟ್ಟ ವಾಸನೆ

ನಾಯಿ ಹಿತ್ತಲಿನೊಳಗೆ ಕಾಲಿಟ್ಟಿತು. ಡ್ರೈವಿಂಗ್ ಮೇಷ್ಟ್ರ ಎದೆ ಧಸಕ್ಕೆಂದಿತು.

ನಾಯಿ ಹುಡುಕುತ್ತಿದ್ದದ್ದು ಎದುರು ಮನೆಯ ಟೈಲರಮ್ಮನ ಬೆಕ್ಕನ್ನು. ಅದು ಶುಕ್ರವಾರ ಸಂಜೆಯಿಂದ ಕಾಣೆ. ಕಳೆದುಹೋದ ಸಾಕುಪ್ರಾಣಿಗಳನ್ನು ರಜೆಯ ದಿನ ಪುಕ್ಕಟೆಯಾಗಿ ಹುಡುಕಿಕೊಡುವ ತಂಡವೊಂದು ಊರಿನಲ್ಲಿತ್ತು. ಅಲ್ಲಿಂದ ಬಂದವರು ಒಬ್ಬ ಹಲ್ಲಿನ ಡಾಕ್ಟರಮ್ಮ ಮತ್ತು ಅವರ ಜೋಲುಕಿವಿಯ ನಾಯಿ. ಕರೆಸಿದ್ದು ಬೇರಾರೂ ಅಲ್ಲ, ಮೇಷ್ಟ್ರ ಹೆಂಡತಿಯೇ. ಬೀದಿಯವರ ಕಷ್ಟವನ್ನೆಲ್ಲ ತಲೆಯ ಮೇಲೆ ಹೊತ್ತುಕೊಳ್ಳುವುದು ಅವಳ ಹುಟ್ಟುಗುಣ.

ಬೆಕ್ಕು ಎಲ್ಲಿದೆಯೆಂದು ಮೇಷ್ಟ್ರಿಗೆ ಗೊತ್ತಿತ್ತು. ಕಾರು ಒರೆಸುವ ಬಟ್ಟೆಯಲ್ಲಿ ಸುತ್ತಿ, ಇದೇ ಹಿತ್ತಲಿನಲ್ಲಿ ತಾವೇ ಮಣ್ಣು ಮಾಡಿದ್ದರು.

ಆ ಸಂಜೆ ಕರೆಂಟು ಹೋಗಿತ್ತು. ಟೈಲರಮ್ಮನ ಗೇಟಿನ ಮುಂದೆ ಕಾರನ್ನು ರಿವರ್ಸ್ ತೆಗೆಯುತ್ತಿದ್ದಾಗ ಫೋನು ಬಡಿದುಕೊಂಡಿತು, ಕಣ್ಣು ಅತ್ತ ಹೋಯಿತು. ಹಿಂದಿನ ಚಕ್ರ ಮೆತ್ತನೆಯ ಏನನ್ನೋ ಹತ್ತಿ ಇಳಿಯಿತು. ಇಳಿದು ನೋಡಿದರೆ ಪಟ್ಟೆ ಬೆಕ್ಕು, ಉಸಿರಿಲ್ಲ. ಟೈಲರಮ್ಮನ ಗೇಟು, ಟೈಲರಮ್ಮನ ಬೆಕ್ಕು, ಇನ್ನು ದಿಟ್ಟಿಸುವುದೇನು? ಅರ್ಧ ಕಣ್ಣು ಮುಚ್ಚಿಕೊಂಡೇ ಎತ್ತಿದರು. "ಹಿಂದೆ ನೋಡದೆ ಗಾಡಿ ಹಿಂದಕ್ಕೆ ತೆಗೀಬೇಡ್ರಪ್ಪ" ಎಂದು ಜೀವಮಾನವಿಡೀ ಪಾಠ ಹೇಳಿದವರು ಅವತ್ತು ಕತ್ತಲಲ್ಲೇ ಗುದ್ದಲಿ ಹಿಡಿದು ಹಿತ್ತಲಿಗೆ ನಡೆದರು.

ಅಗೆದ ಮಣ್ಣು ಕಣ್ಣಿಗೆ ಹೊಡೆಯಬಾರದೆಂದು ಮರುದಿನ ಅಲ್ಲೊಂದು ಗುಲಾಬಿ ಗಿಡ ನೆಟ್ಟರು. ಹೆಂಡತಿ ಹಿಗ್ಗಿದಳು. "ಅಬ್ಬಾ! ಮದುವೆಯಾಗಿ ಇಷ್ಟು ವರ್ಷಕ್ಕೆ ನನಗೆ ಅಂತ ಒಂದು ಗಿಡ ತಂದ್ರಲ್ಲ. ಮೊದಲ ಹೂ ನನಗೇ."

ಆಮೇಲೆ ಶುರುವಾಯಿತು ನೋಡಿ ಮೇಷ್ಟ್ರ ಫಜೀತಿ. ಟೈಲರಮ್ಮ ಹೊಲಿಗೆ ಮಿಶನ್ ಮುಚ್ಚಿಟ್ಟು ಬೀದಿಬೀದಿ ಅಲೆದಳು. ಒಂದೇ ಸೂಲಿನ ಎರಡು ಪಟ್ಟೆ ಮರಿಗಳಲ್ಲಿ ಗಂಡನ್ನು ತಾನಿಟ್ಟುಕೊಂಡು ಹೆಣ್ಣನ್ನು ಇವರಿಗೆ ಕೊಟ್ಟ ಮಹಾತಾಯಿ ಅವಳು. ಅವಳ ಜೊತೆ ಕಂಬಕಂಬಕ್ಕೆ ಬೆಕ್ಕಿನ ಫೋಟೋ ಅಂಟಿಸಿದವರು ಯಾರು? ಮೇಷ್ಟ್ರೇ. "ನೀವಿದ್ದೀರಿ ಅಂತ ಧೈರ್ಯ" ಎಂದಳು ಟೈಲರಮ್ಮ. ಅದಕ್ಕಿಂತ ಕೆನ್ನೆಗೆ ಎರಡು ಬಿಟ್ಟಿದ್ದರೆ ವಾಸಿಯಿತ್ತು.

ಮನೆಯಲ್ಲಾದರೂ ನೆಮ್ಮದಿಯೇ? ಊಟಕ್ಕೆ ಕೂತರೆ ಹೆಂಡತಿ ಹೇಳಿದಳು: "ಅಣ್ಣ ಕಾಣೆಯಾದ ಅಂತ ನಮ್ಮವಳೂ ಹಾಲು ಮುಟ್ಟಿಲ್ಲ. ಅಟ್ಟ ಹತ್ತಿ ಕೂತಿರ್ಬೇಕು, ಅವಳ ಮುನಿಸು ಗೊತ್ತಲ್ಲ. ಮೂಕಪ್ರಾಣಿಗೂ ಸಂಕಟ ಅನ್ನೋದು ಇರುತ್ತೆ, ನೋಡಿ." ಒಂದು ಬೆಕ್ಕನ್ನು ಕೊಂದು ಇನ್ನೊಂದನ್ನು ಉಪವಾಸ ಕೆಡವಿದೆನಲ್ಲ ಎಂದು ಮೇಷ್ಟ್ರು ಕೈ ತೊಳೆದು ಎದ್ದರು.

ಈಗ ಈ ನಾಯಿ.

ಹುಡುಕಾಟಕ್ಕೆ ಮುಂಚೆ ಡಾಕ್ಟರಮ್ಮ ಟೈಲರಮ್ಮನಿಂದ ಬೆಕ್ಕು ಮಲಗುತ್ತಿದ್ದ ಚಿಂದಿಯನ್ನು ಚೀಲಕ್ಕೆ ಹಾಕಿಸಿಕೊಂಡಿದ್ದರು. "ಬೇರೆ ಯಾರೂ ಮುಟ್ಬೇಡಿ. ಕೊಟ್ಟ ವಾಸನೆ ಒಂದನ್ನೇ ನಮ್ಮವನು ಹುಡುಕೋದು. ಪಕ್ಕದಲ್ಲಿ ಆನೆ ಬಿದ್ದಿದ್ರೂ ತಿರುಗಿ ನೋಡಲ್ಲ. ಸಿಕ್ಕಿದ್ರೆ ಬೊಗಳಲ್ಲ, ಬೆಕ್ಕು ಹೆದರುತ್ತಲ್ಲ, ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿಬಿಡ್ತಾನೆ."

"ಸತ್ತಿದ್ರೂನಾ?" ಎಂದು ಕೇಳಿಬಿಟ್ಟರು ಮೇಷ್ಟ್ರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ಸತ್ತಿದ್ರೂ ಅಷ್ಟೇ. ಮಣ್ಣಿನೊಳಗಿದ್ರೂ ಬಿಡಲ್ಲ."

ಟೈಲರಮ್ಮನ ಮುಖ ಬಿಳಿಚಿತು. ಹೆಂಡತಿ ಗಂಡನನ್ನು ಗದರಿದಳು: "ಬಾಯಿಗೆ ಬೇರೆ ಮಾತೇ ಬರಲ್ವಾ ನಿಮಗೆ?"

ನಾಯಿ ರಸ್ತೆ ದಾಟಿತು. ಇವರ ಗೇಟು ದಾಟಿತು. ಬಾವಿಕಟ್ಟೆ, ಬಟ್ಟೆ ಒಗೆಯುವ ಕಲ್ಲು, ಒಂದೊಂದನ್ನೇ ಮೂಸುತ್ತ ಗುಲಾಬಿಯ ಕಡೆಗೇ ನಡೆಯಿತು. ಮೇಷ್ಟ್ರಿಗೆ ತಡೆಯಲಾಗಲಿಲ್ಲ. ನಾಯಿ ಹೇಳುವ ಮೊದಲು ತಾನೇ ಹೇಳಿದರೆ ಅಷ್ಟಾದರೂ ಮರ್ಯಾದೆ ಉಳಿದೀತು.

"ಅಕ್ಕಾ, ನಾನೊಂದು ಮಾತು..."

ನಾಯಿ ಗುಲಾಬಿಯ ಬುಡ ಮೂಸಿತು. ಒಮ್ಮೆ ಸೀನಿತು. ಮುಂದೆ ಹೋಯಿತು.

ಹಿಂದಿನ ಗೋಡೆ ಸುತ್ತಿ, ಬೀದಿಯ ತುದಿಯ ಖಾಲಿ ಮನೆಯ ಬಾಗಿಲಿಗೆ ಹೋಗಿ ಅದು ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿತು. ಶುಕ್ರವಾರ ಬಣ್ಣ ಹೊಡೆದವರು ಬೀಗ ಹಾಕಿಕೊಂಡು ಹೋದ ಮನೆ. ಒಳಗಿಂದ ಕ್ಷೀಣವಾಗಿ ಮಿಯಾಂವ್ ಎಂಬ ದನಿ ಬಂತು. ಬೀಗ ತೆಗೆಸುವಷ್ಟರಲ್ಲಿ ಟೈಲರಮ್ಮ ಅಲ್ಲೇ ಕುಸಿದು ಕೂತಿದ್ದಳು. ಬಾಲಕ್ಕೆ ನೀಲಿ ಬಣ್ಣ ಮೆತ್ತಿಕೊಂಡ ಪಟ್ಟೆ ಬೆಕ್ಕು ಅವಳ ಮಡಿಲೇರಿತು.

ಮೇಷ್ಟ್ರ ಕಣ್ಣೂ ತುಂಬಿ ಬಂತು. ಹಾಗಾದರೆ ಮಣ್ಣಿನಲ್ಲಿರುವುದು ಯಾವುದೋ ಬೀದಿ ಬೆಕ್ಕು! ಹೆಗಲ ಮೇಲಿನ ಮೂಟೆ ಧೊಪ್ಪನೆ ಇಳಿದಂತಾಯಿತು. ಬೀದಿಯದಾದರೆ ಅದು ಜೀವವಲ್ಲವೇ ಎಂದು ಒಳಗೆ ಏನೋ ಚುಚ್ಚಿತು. ಆದರೂ ಈ ಚುಚ್ಚು ನಿದ್ದೆ ಕೆಡಿಸುವಂಥದ್ದಾಗಿರಲಿಲ್ಲ.

"ಆಗ ಏನೋ ಹೇಳೋಕೆ ಬಂದ್ರಲ್ಲ ಮೇಷ್ಟ್ರೇ?" ಎಂದಳು ಟೈಲರಮ್ಮ, ಕಣ್ಣೊರೆಸಿಕೊಳ್ಳುತ್ತ.

"ಏನಿಲ್ಲಕ್ಕ. ಸಿಕ್ಕೇ ಸಿಗುತ್ತೆ ಅನ್ನೋಣ ಅಂತಿದ್ದೆ."

ಎಲ್ಲರನ್ನೂ ಮನೆಗೆ ಕರೆದು ಮೇಷ್ಟ್ರೇ ಕೈಯಾರೆ ಕಾಫಿ ಮಾಡಿದರು. ಡಾಕ್ಟರಮ್ಮನಿಗೆ ಇನ್ನರ್ಧ ಲೋಟ ಬಲವಂತ ಮಾಡುತ್ತಿದ್ದಾಗ ಹೆಂಡತಿ ಅಟ್ಟದ ಏಣಿ ಇಳಿದು ಬಂದಳು. ಕೈಯಲ್ಲಿ ಪುಟ್ಟದೊಂದು ದಿಂಬು.

"ಡಾಕ್ಟ್ರೇ, ಹೇಗೂ ಬಂದಿದ್ದೀರಿ. ಅಣ್ಣ ಸಿಕ್ಕಿದ ಅಂತ ಹೇಳೋಣ ಅಂದ್ರೆ ನಮ್ಮವಳು ಅಟ್ಟದಲ್ಲೂ ಇಲ್ಲ, ಎಲ್ಲೂ ಇಲ್ಲ. ಇದು ಅವಳ ದಿಂಬು. ಒಂದ್ಸಲ ನೋಡ್ತೀರಾ?"

ನಾಯಿ ದಿಂಬು ಮೂಸಿತು, ಮೇಷ್ಟ್ರ ಕಾಲು ಸವರಿಕೊಂಡು ಹಿತ್ತಲಿಗೆ ಹೋಯಿತು, ಗುಲಾಬಿ ಗಿಡದ ಬುಡದಲ್ಲಿ ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿತು.