ಮಲಕಿ ಟಾರ್ಪಿ ಕೂತದ್ದು

ಬಾಗಿಲ ಪಕ್ಕ ಕೈಕಟ್ಟಿ ನಿಂತಿದ್ದ ಮಲಕಿ ಟಾರ್ಪಿ ಒಮ್ಮೆ ಮುಂದಕ್ಕೆ ವಾಲಿ, ಗೋಡೆ ಹಿಡಿದು ಮತ್ತೆ ನೆಟ್ಟಗಾದ. ಕೋಣೆಯಲ್ಲಿದ್ದ ಹತ್ತು ಹನ್ನೆರಡು ಮಂದಿಯಲ್ಲಿ ಅದನ್ನು ಕಂಡವಳು ನೋರೀನ್ ಒಬ್ಬಳೇ. ಮೂರು ದಿನದಿಂದ ಅವಳಿಗೆ ಯಾರು ಬಂದರು, ಯಾರು ಕೈ ಹಿಡಿದರು, ತಾನು ಚಹಾ ಕುಡಿದೆನೋ ಇಲ್ಲವೋ, ಒಂದೂ ನೆನಪಿಲ್ಲ. ಇದೊಂದು ಕಣ್ಣಿಗೆ ಬಿತ್ತು.

ಕಿಟಕಿಯ ಬಳಿ ತೆರೆದ ಪೆಟ್ಟಿಗೆಯಲ್ಲಿ ಅವಳ ಗಂಡ ಡೆಕ್ಲನ್ ಮಲಗಿದ್ದ. ಅಡುಗೆಮನೆಯಲ್ಲಿ ಊರವರು ಅವನ ಕಿತಾಪತಿಗಳನ್ನು ಹೇಳಿಕೊಂಡು ಗೊಳ್ಳೆಂದು ನಗುತ್ತಿದ್ದರು. ಗಾಲ್ವೇಯ ಆ ಕಡಲಂಚಿನಲ್ಲಿ ಸಾವಿನ ಮನೆ ಹಾಗೆಯೇ. ಸದ್ದಿಲ್ಲದಿದ್ದರೆ ಸತ್ತವನಿಗೆ ಅವಮಾನ. ಎರಡು ಗಂಟೆಗೆ ಚರ್ಚು. ನಾಳೆ ಕ್ರಿಸ್‌ಮಸ್, ಇವತ್ತು ಮಣ್ಣಾಗದಿದ್ದರೆ ಹಬ್ಬ ಕಳೆಯುವವರೆಗೆ ಕಾಯಬೇಕು. ಊರಿನ ಅಂತ್ಯಕ್ರಿಯೆಗಳನ್ನೆಲ್ಲ ನಡೆಸಿಕೊಡುವ ಮಲಕಿಗೆ ಒಂಬತ್ತು ದಿನದಲ್ಲಿ ಇದು ಏಳನೆಯದು.

ಬೆಳಿಗ್ಗೆ ಅವನ ಹೆಂಡತಿ ಫಿಲೊಮಿನಾ ಫೋನ್ ಮಾಡಿದ್ದು ನೋರೀನ್‌ಗೆ ಈಗ ನೆನಪಾಯಿತು. ಸಾವಿನ ಮನೆಗೆ ಇಂಥದ್ದಕ್ಕೆಲ್ಲ ಫೋನ್ ಮಾಡಬಾರದು ಎಂದು ಹತ್ತು ಸಲ ಹೇಳಿ, ಆಮೇಲೆ ವಿಷಯಕ್ಕೆ ಬಂದಿದ್ದಳು. ಹೋದ ಕ್ರಿಸ್‌ಮಸ್‌ಗೆ ಮಲಕಿ ಸ್ಮಶಾನದಲ್ಲೇ ಕುಸಿದು, ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಬಂದವನು. ಹಬ್ಬದ ವಾರ ಒಂದೊಂದು ಸಾವಿನ ನಡುವೆ ಕೂತು ಸುಧಾರಿಸಿಕೋ, ಇನ್ನೊಂದು ಸಲ ಬಿದ್ದರೆ ಏಳುವುದಿಲ್ಲ ಎಂದಿದ್ದರು ಡಾಕ್ಟರು. ಮಲಕಿ ತಲೆಯಾಡಿಸಿ ಬಂದಿದ್ದ. ಆದರೆ ಹೆಣ ಒಯ್ಯಲು ಬಂದವನು ಹೆಣದ ಮನೆಯಲ್ಲಿ ಕೂರಬಾರದು ಎಂದು ಅವನಪ್ಪ ಹೇಳಿಹೋಗಿದ್ದ. ನಲವತ್ತು ವರ್ಷದಿಂದ ಮಲಕಿ ಎಲ್ಲರ ಮನೆಯಲ್ಲೂ ನಿಂತೇ ಚಹಾ ಕುಡಿದಿದ್ದ.

ನೋರೀನ್ ಅವನ ಬಳಿ ಹೋದಳು. "ಒಂಚೂರು ಕೂತ್ಕೊಳ್ಳಿ ಮಲಕಿ ಮಾಮ."

"ಈಗಿನ್ನೂ ಎದ್ದು ಬಂದಿದೀನಿ ಕಣಮ್ಮ."

"ಎಲ್ಲಿಂದ?"

"ಹಾಸಿಗೆಯಿಂದ."

"ಯಾವತ್ತು?"

ಮಲಕಿ ಟೈ ಸರಿಮಾಡಿಕೊಂಡ. ಅವನ ತುಟಿ ಮೇಣದಂತೆ ಬಿಳಚಿತ್ತು. ನೋರೀನ್ ಕೋಣೆಯಲ್ಲಿದ್ದವರನ್ನೆಲ್ಲ ಸೂಪು ಆರುತ್ತದೆ ಎಂದು ಅಡುಗೆಮನೆಗೆ ಅಟ್ಟಿದಳು. ಆಮೇಲೆ ಚರ್ಚಿಗೆ ತಾನು ಬಟ್ಟೆ ಬದಲಾಯಿಸಬೇಕೆಂದೂ ಡೆಕ್ಲನ್ ಹತ್ತಿರ ಯಾರೂ ಇಲ್ಲವೆಂದೂ ಹೇಳಿದಳು.

"ನಾನಿದೀನಲ್ಲ."

"ನಿಂತೋರು ಇದ್ದ ಹಾಗಲ್ಲ. ಹೆಣದ ಪಕ್ಕ ಒಬ್ಬರಾದ್ರೂ ಕೂತಿರ್ಬೇಕು ಅಂತ ಮನೆಮನೇಲೂ ಹೇಳ್ಕೊಂಡು ಬಂದೋರು ನೀವೇ."

ಮಲಕಿ ಅವಳನ್ನೊಮ್ಮೆ, ಡೆಕ್ಲನ್‌ನನ್ನೊಮ್ಮೆ ನೋಡಿದ. ಅಪ್ಪನ ಮಾತು ಒಂದು ಕಡೆ, ತನ್ನ ಮಾತು ಇನ್ನೊಂದು ಕಡೆ. ಕೊನೆಗೆ ಪೆಟ್ಟಿಗೆಯ ಪಕ್ಕದಲ್ಲಿದ್ದ, ಹಿಂದಕ್ಕೆ ವಾಲುವ ಆರಾಮಕುರ್ಚಿಯ ತುದಿಯಲ್ಲಿ ಬೇರೆಯವರ ಕುದುರೆ ಹತ್ತಿದವನ ಹಾಗೆ ಕೂತ.

ಅವಳು ಕಪ್ಪು ಉಡುಪು ತೊಟ್ಟು ಬರುವಷ್ಟರಲ್ಲಿ ಕುರ್ಚಿ ಪೂರಾ ವಾಲಿತ್ತು. ಮಲಕಿ ಕಾಲು ನೀಡಿ, ಹೊಟ್ಟೆಯ ಮೇಲೆ ಕೈ ಜೋಡಿಸಿ, ಗದ್ದ ಎತ್ತಿ, ಬೇರೆಯವರನ್ನು ತಾನು ಪೆಟ್ಟಿಗೆಯಲ್ಲಿ ಹೇಗೆ ಮಲಗಿಸುತ್ತಿದ್ದನೋ ಹಾಗೆಯೇ ಮಲಗಿ ನಿದ್ದೆಹೋಗಿದ್ದ. ಎಂಬತ್ತೆಂಟರ ಬಾರ್ಟ್ಲಿ ಅಜ್ಜ, ಎರಡೂ ಕಣ್ಣಿಗೆ ಪೊರೆ ಬಂದವನು, ಅವನ ಮುಂದೆ ಮಂಡಿಯೂರಿ ಜಪಮಣಿ ಎಣಿಸುತ್ತಿದ್ದ. ಜಪ ಮುಗಿಸಿ ಮಲಕಿಯ ಕೈ ಸವರಿ ಎದ್ದ.

"ಮಲಕಿ ಕೆಲಸ ಅಂದ್ರೆ ಕೆಲಸ ಕಣಮ್ಮ," ಅಂದ. "ಕೈ ಇನ್ನೂ ಬೆಚ್ಚಗಿಟ್ಟಿದಾನೆ. ಆದ್ರೆ ಪಾಪ, ನಿನ್ನ ಗಂಡನಿಗೆ ವಯಸ್ಸು ಸ್ವಲ್ಪ ಜಾಸ್ತಿ ಮಾಡ್ಬಿಟ್ಟಿದಾನೆ."

ನೋರೀನ್ ಬಾಯಿಗೆ ಕೈ ಅಡ್ಡ ಹಿಡಿದಳು. ನಗು ಪಕ್ಕೆಗಳಲ್ಲಿ ಎದ್ದು, ನೋವಾಗಿ, ಕಣ್ಣಿಗೆ ಬಂತು. ಅಜ್ಜನ ಭುಜ ಹಿಡಿದು ಮೆಲ್ಲಗೆ ಕಿಟಕಿಯ ಕಡೆ ತಿರುಗಿಸಿದಳು. ಅಜ್ಜ ಸ್ವಲ್ಪವೂ ನಾಚಲಿಲ್ಲ. ಆ ಜಪ ಮಲಕಿಗೇ ಇರಲಿ, ಅವನಿಗೂ ಬೇಕು ಎಂದು ಡೆಕ್ಲನ್‌ನ ಮುಂದೆ ಮೊದಲಿನಿಂದ ಶುರು ಮಾಡಿದ.

ಮಲಕಿ ನಿದ್ದೆಹೋದ ಸುದ್ದಿ ಅಡುಗೆಮನೆಗೆ ಮುಟ್ಟಿತು. ನಗು ನಿಂತಿತು. ಯಾರೋ ತಟ್ಟೆಗಳ ಮೇಲಿನ ಚಮಚಗಳನ್ನು ಒಂದೊಂದಾಗಿ ಎತ್ತಿಟ್ಟರು. ಹೊಸದಾಗಿ ಬಂದವರು ಬೂಟು ಹೊರಗೆ ಬಿಟ್ಟು, ಡೆಕ್ಲನ್‌ನ ಹಣೆ ಮುಟ್ಟಿ, ಮಲಕಿಯನ್ನು ದಾಟುವಾಗ ತುದಿಗಾಲಲ್ಲಿ ನಡೆದರು. ಪಕ್ಕದ ಮನೆಯ ಹೆಂಗಸು ಅವನಿಗೆ ಅವನದೇ ಕರಿಕೋಟು ಹೊದಿಸಿದಳು. ಅದು ಗದ್ದ ದಾಟಿದ್ದು ಕಂಡು ಇನ್ನೊಬ್ಬಳು ಗಾಬರಿಯಿಂದ ಎದೆಯವರೆಗೆ ಕೆಳಗೆಳೆದಳು.

ಒಂದೂಮುಕ್ಕಾಲಿಗೆ ಹೆಗಲು ಕೊಡುವ ಆರು ಮಂದಿ ಬಂದು ನಿಂತರು. ಪೆಟ್ಟಿಗೆಯ ಮುಚ್ಚಳ ಹಾಕುವವನು ಮಲಕಿ, ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಎಬ್ಬಿಸೋಣವೇ ಎಂದು ಡೆಕ್ಲನ್‌ನ ಅಣ್ಣ ಸನ್ನೆ ಮಾಡಿದ.

ನೋರೀನ್ ಇಬ್ಬರನ್ನೂ ನೋಡಿದಳು. ಒಬ್ಬನ ಎದೆ ನಿಧಾನವಾಗಿ ಏರಿ ಇಳಿಯುತ್ತಿತ್ತು.

"ಅರ್ಧ ಗಂಟೆ ತಡ ಆಗುತ್ತೆ ಅಂತ ಪಾದ್ರಿಗಳಿಗೆ ಹೇಳಿಬಿಡಿ ಭಾವ."

"ಕತ್ತಲಾಗೋದ್ರೊಳಗೆ ಮಣ್ಣಾಗ್ಬೇಕಲ್ಲ ನೋರೀನ್. ಏನಂತ ಹೇಳ್ಲಿ?"

"ಮಲಕಿ ಮಾಮ ಮಲಗಿದಾರೆ ಅಂತ ಹೇಳಿ."

ಅವಳು ಒಂದು ಸ್ಟೂಲು ಎಳೆದುಕೊಂಡು ಇಬ್ಬರ ನಡುವೆ ಕೂತು, ಡೆಕ್ಲನ್‌ನ ಕೈಯ ಮೇಲೆ ಕೈಯಿಟ್ಟಳು. ಇನ್ನು ಅರ್ಧ ಗಂಟೆ ಅವನು ಮನೆಯಲ್ಲೇ ಇರುತ್ತಾನೆ.